ಇಂಜಿನ್ ನಯ ನೋಡಿ ಕಾರು ಆರಿಸುವುದು ಹೇಗೆ? ಸಿಟಿ, ವೆರ್ನಾ, ಸ್ಲಾವಿಯಾ, ವರ್ಟಸ್ ಹೋಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯ ಹಿಂದಿನ ಸೆಡಾನ್ ಶೋರೂಮಿನಲ್ಲಿ ನಿಂತಾಗ ಇಂಜಿನ್ ಓಡುತ್ತಿದೆಯೋ ಇಲ್ಲವೋ ಅಂತಲೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮನಸೋತು ತಗೊಂಡೆವು. ಟೆಸ್ಟ್ ಡ್ರೈವ್ ಅಂತ ಓಡಿಸಿದ್ದು ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ಮೂರು ತಿಂಗಳ ನಂತರ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಚಾರ್ಮಾಡಿ ಘಾಟಿ ಹತ್ತಬೇಕಾಯಿತು. ಸೆಕೆಂಡ್ ಗೇರ್, ಥರ್ಡ್ ಗೇರ್, ಮತ್ತೆ ಸೆಕೆಂಡ್. ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರಿನ ಮುಳ್ಳು 1,800 ದಾಟಿದ ಕೂಡಲೇ ಹಿಂದಿನ ಸೀಟಿನಲ್ಲಿ ಗುಂ ಅಂತ ಸದ್ದು ತುಂಬಿಕೊಳ್ಳುತ್ತಿತ್ತು. 2,200 ದಾಟಿದರೆ ಮಾಯ. ಘಾಟಿಯ ತಿರುವುಗಳಲ್ಲಿ ಮುಳ್ಳು ಆ ಎರಡರ ನಡುವೆಯೇ ಓಡಾಡುತ್ತಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಅಮ್ಮ ತಟ್ಟೆ ಮುಟ್ಟಲಿಲ್ಲ. "ತಲೆಯೊಳಗೇ ಯಾರೋ ರುಬ್ಬಿದ ಹಾಗಾಗ್ತಿದೆ" ಅಂದರು.

ಆ ಕಾರನ್ನು ಎಂಟು ವರ್ಷ ಓಡಿಸಿದೆವು. ಮುಂದಿನದನ್ನು ಆರಿಸುವಾಗ ನಾನು ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ನಿಂತಲ್ಲಿ ಇಂಜಿನ್ ಎಷ್ಟು ಸುಮ್ಮನಿದೆ ಅನ್ನುವುದಕ್ಕಿಂತ, ಭಾರ ಬಿದ್ದಾಗ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಮುಖ್ಯ. ನಯ ಅನ್ನುವುದು ಒಂದೇ ಗುಣ ಅಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು, ಸಿಗ್ನಲ್‌ನಲ್ಲಿ ಒಂದು, ಹಂಪ್ ಮೇಲೆ ಒಂದು, ಏರಿನಲ್ಲಿ ಒಂದು, ಹೆದ್ದಾರಿಯಲ್ಲಿ ಇನ್ನೊಂದು. ಒಂದರಲ್ಲಿ ಗೆದ್ದ ಕಾರು ಇನ್ನೊಂದರಲ್ಲಿ ಸೋಲುತ್ತದೆ. ಹಾಗಾಗಿ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೇಗೆ ಅನ್ನುವುದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಹೆಜ್ಜೆ 1: ಬಾನೆಟ್ ಕೆಳಗೆ ಏನಿದೆ, ಮೊದಲು ತಿಳಿದುಕೊಳ್ಳಿ

ಈ ಮಧ್ಯಮ ಸೆಡಾನ್ ವರ್ಗದಲ್ಲಿ ಈಗ ಡೀಸೆಲ್ ಇಲ್ಲ. ಇರುವುದೆಲ್ಲ ಪೆಟ್ರೋಲ್. ಆದರೆ ಒಂದೊಂದರ ಸ್ವಭಾವವೂ ಬೇರೆ.

ಹೋಂಡಾ ಸಿಟಿಯದು 1.5 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಐ-ವಿಟೆಕ್ ಇಂಜಿನ್. 121 ಪಿಎಸ್ ಶಕ್ತಿ, 145 ಎನ್‌ಎಂ ಟಾರ್ಕ್. ಆ ಟಾರ್ಕ್ (ಎಳೆಯುವ ಬಲ) ಪೂರ್ತಿ ಸಿಗುವುದು ನಿಮಿಷಕ್ಕೆ 4,300 ಸುತ್ತಿನಲ್ಲಿ, ಅಂದರೆ 4,300 ಆರ್‌ಪಿಎಂನಲ್ಲಿ. ಹ್ಯುಂಡೈ ವೆರ್ನಾದ ಸಾದಾ 1.5 ಪೆಟ್ರೋಲ್ ಕೂಡ ಇದೇ ಜಾತಿ: 115 ಪಿಎಸ್, ಸುಮಾರು 144 ಎನ್‌ಎಂ. ವೆರ್ನಾದಲ್ಲೇ 1.5 ಟರ್ಬೊ ಇದೆ. ಅದು 160 ಪಿಎಸ್, 253 ಎನ್‌ಎಂ. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಎರಡಕ್ಕೂ ಇರುವುದು ಒಂದೇ ಜೋಡಿ ಇಂಜಿನ್. ಒಂದು, 1.0 ಲೀಟರಿನ ಮೂರು ಸಿಲಿಂಡರ್ ಟರ್ಬೊ: 115 ಪಿಎಸ್, 178 ಎನ್‌ಎಂ. ಇನ್ನೊಂದು, 1.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ (ಮುಂದೆ 1.5 ಟಿಎಸ್‌ಐ ಅನ್ನುವುದು ಇದನ್ನೇ): 150 ಪಿಎಸ್, 250 ಎನ್‌ಎಂ. ಟರ್ಬೊಗಳಿಗೆಲ್ಲ ಟಾರ್ಕ್ 1,500ರಿಂದ 1,800 ಆರ್‌ಪಿಎಂ ಹೊತ್ತಿಗೇ ಕೈಗೆ ಸಿಗುತ್ತದೆ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಏರಿನಲ್ಲಿ ಇದೇ ಆಟ ಬದಲಿಸುತ್ತದೆ.

ಸಿಲಿಂಡರ್ ಲೆಕ್ಕ ಯಾಕೆ ಮುಖ್ಯ? ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿನಲ್ಲೂ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಐಡ್ಲಿಂಗ್ (ಕಾರು ನಿಂತಾಗ ಇಂಜಿನ್ ಓಡುವ ವೇಗ) 750 ಆರ್‌ಪಿಎಂ ಇದೆ ಅಂದುಕೊಳ್ಳಿ. ನಾಲ್ಕು ಸಿಲಿಂಡರ್ ಇದ್ದರೆ ಸೆಕೆಂಡಿಗೆ 25 ಬಡಿತ. ಮೂರು ಇದ್ದರೆ ಸುಮಾರು 19. ಬಡಿತ ನಿಧಾನವಾದಷ್ಟೂ ನಮ್ಮ ಮೈಗೆ ಅದು ಬೇರೆ ಬೇರೆಯಾಗಿ ತಟ್ಟುತ್ತದೆ. ತಬಲಾದಲ್ಲಿ ಲಯ ನಿಧಾನವಾದಾಗ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳುವುದಿಲ್ಲವೇ, ಹಾಗೆ. ಅದರ ಜೊತೆಗೆ ಮೂರು ಸಿಲಿಂಡರಿನ ಇಂಜಿನ್‌ಗೆ ಒಂದು ಹುಟ್ಟುಗುಣ ಇದೆ. ಮೇಲೆ ಕೆಳಗೆ ಹಾರುವ ಬಲ ಅದರಲ್ಲಿ ಸಮವಾಗಿ ಕಳೆದುಹೋಗುತ್ತದೆ, ಆದರೆ ಇಂಜಿನ್ನಿನ ಎರಡು ತುದಿಗಳು ಏತದ ಹಾಗೆ ಒಂದು ಏರಿದರೆ ಇನ್ನೊಂದು ಇಳಿಯಲು ನೋಡುತ್ತವೆ. ನಾಲ್ಕು ಸಿಲಿಂಡರಿನದಕ್ಕೆ ಈ ತೂಗಾಟ ಇಲ್ಲ. ಅದರ ಕಾಟ ಬೇರೆ: ಇಂಜಿನ್ ತಿರುಗುವ ವೇಗದ ಎರಡರಷ್ಟು ವೇಗದಲ್ಲಿ ಒಂದು ಸಣ್ಣ ಝುಮ್ಮು. ಅದು ಗೊತ್ತಾಗುವುದು ಜಾಸ್ತಿ ಆರ್‌ಪಿಎಂನಲ್ಲಿ ಮಾತ್ರ.

ಹಾಗಂತ ಮೂರು ಸಿಲಿಂಡರ್ ಅಂದ ತಕ್ಷಣ ಬೇಡ ಅನ್ನಬೇಡಿ. ನಡುಕ ಹುಟ್ಟುವುದು ಇಂಜಿನ್ನಿನಲ್ಲಾದರೂ ಅದು ನಿಮ್ಮವರೆಗೆ ಬರಬೇಕಾದರೆ ಮೌಂಟ್‌ಗಳನ್ನು ದಾಟಬೇಕು. ಮೌಂಟ್ ಅಂದರೆ ಇಂಜಿನ್ ಕೂತಿರುವ ರಬ್ಬರ್ ಆಸನ. ಕೆಲವದರೊಳಗೆ ದ್ರವವೂ ಇರುತ್ತದೆ. ಒಳ್ಳೆಯ ಮೌಂಟ್ ಇದ್ದರೆ ಒರಟು ಇಂಜಿನ್ ಕೂಡ ಮೆತ್ತಗಾಗುತ್ತದೆ. ಅದು ಕಾಗದದ ಮೇಲೆ ಗೊತ್ತಾಗುವುದಿಲ್ಲ, ಕಾರಿನಲ್ಲಿ ಕೂತೇ ನೋಡಬೇಕು.

ಸಿಟಿಯ ಹೈಬ್ರಿಡ್ ಇವೆಲ್ಲದರಿಂದ ಬೇರೆ. ಊರೊಳಗೆ ಹೆಚ್ಚಿನ ಹೊತ್ತು ಚಕ್ರ ತಿರುಗಿಸುವುದು 253 ಎನ್‌ಎಂನ ವಿದ್ಯುತ್ ಮೋಟಾರ್. ಇಂಜಿನ್ ಕರೆಂಟ್ ಮಾಡಿಕೊಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾತ್ರ ಇಂಜಿನ್ ನೇರವಾಗಿ ಚಕ್ರಕ್ಕೆ ಸೇರಿಕೊಳ್ಳುತ್ತದೆ. ಅದನ್ನು ಬೇರೆಯವುಗಳ ಅಳತೆಯಲ್ಲೇ ಅಳೆಯಲು ಹೋದರೆ ಗೊಂದಲ ಆಗುತ್ತದೆ. ಅದಕ್ಕೆ ಏನು ನೋಡಬೇಕು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 2: ತಕ್ಕಡಿ ಸರಿ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಶನಿವಾರ ಒಂದು ಕಾರು, ಮುಂದಿನ ವಾರ ಇನ್ನೊಂದು. ಒಂದು ಹೊಸ ಡಾಂಬರಿನ ಮೇಲೆ, ಇನ್ನೊಂದು ಕಾಂಕ್ರೀಟ್ ಮೇಲೆ. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್ ಮಾಡಿದ ರಸ್ತೆಗಳಲ್ಲಿ ಟೈರಿನ ಸದ್ದು ಎಷ್ಟು ಏರುತ್ತದೆ ಅಂದರೆ ಇಂಜಿನ್ ಸದ್ದೇ ಮುಚ್ಚಿಹೋಗುತ್ತದೆ. ಹಾಗೆ ಹೋಲಿಸಿದರೆ ನೀವು ಹೋಲಿಸಿದ್ದು ರಸ್ತೆಯನ್ನು.

ಎರಡು ಮೂರು ಶೋರೂಮಿಗೆ ಒಂದೇ ದಿನ, ಬೆನ್ನುಬೆನ್ನಿಗೆ ಸಮಯ ಕೇಳಿ. ವಾರದ ನಡುವಿನ ಬೆಳಿಗ್ಗೆ ಒಳ್ಳೆಯದು. ಭಾನುವಾರದ ಜಾತ್ರೆ ಬೇಡ. ಒಂದೇ ರಸ್ತೆಯ ತುಂಡನ್ನು ಮೊದಲೇ ಗುರುತು ಮಾಡಿಕೊಳ್ಳಿ. ಅದರಲ್ಲಿ ಒಂದು ಸಿಗ್ನಲ್, ನಾಲ್ಕೈದು ಹಂಪ್, ಒಂದು ಏರು, ಎರಡು ಕಿಲೋಮೀಟರ್ ಖಾಲಿ ನೇರ ರಸ್ತೆ ಇರಲಿ. ಎಲ್ಲ ಕಾರನ್ನೂ ಅಲ್ಲಿಗೇ ಒಯ್ಯಿರಿ. "ನಮ್ಮ ರೂಟ್ ಇಷ್ಟೇ ಸಾರ್" ಅಂತ ಶೋರೂಮಿನವರು ಹೇಳಿದರೆ ವಿನಯವಾಗಿ, ಆದರೆ ಗಟ್ಟಿಯಾಗಿ ಕೇಳಿ. ಹದಿನೈದು ಲಕ್ಷದ ಆಸುಪಾಸಿನ ವಸ್ತು. ಹದಿನೈದು ಕಿಲೋಮೀಟರ್ ಕೇಳುವುದು ಜಾಸ್ತಿ ಅಲ್ಲ.

ಪ್ರತಿ ಕಾರಿನಲ್ಲೂ ಹಾಡು ಆಫ್. ಎಸಿ ಆನ್, ಫ್ಯಾನ್ ಎರಡರಲ್ಲಿ, ಒಳಗಿನ ಗಾಳಿಯೇ ಸುತ್ತುವ ಹಾಗೆ. ಕಿಟಕಿ ಎಲ್ಲ ಮುಚ್ಚಿ. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇದೆಯಾ ಕೇಳಿ. ಟೆಸ್ಟ್ ಕಾರುಗಳಲ್ಲಿ ಅದು ಏರುಪೇರಾಗಿರುವುದು ಸಾಮಾನ್ಯ. ಓಡೋಮೀಟರ್ ನೋಡಿಕೊಳ್ಳಿ. 800 ಕಿಲೋಮೀಟರ್ ಓಡಿದ ಕಾರಿಗೂ, ಹತ್ತಾರು ಜನ ಒದ್ದು ಓಡಿಸಿದ 15,000 ಕಿಲೋಮೀಟರಿನ ಕಾರಿಗೂ ಹೋಲಿಕೆ ಸಲ್ಲದು. ವೇಗಕ್ಕೆ ಕಾರಿನ ಮೀಟರ್ ನಂಬಬೇಡಿ. ಅವು ನಿಜಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತವೆ, ಕಾರಿನಿಂದ ಕಾರಿಗೆ ವ್ಯತ್ಯಾಸವೂ ಇರುತ್ತದೆ. ಫೋನಿನ ಜಿಪಿಎಸ್ ವೇಗ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಮೊದಲು ಓಡಿಸಿದ ಕಾರು ನಮ್ಮ ಕಿವಿಗೆ ಅಳತೆಗೋಲಾಗಿಬಿಡುತ್ತದೆ. ಸಾಧ್ಯವಾದರೆ ಕೊನೆಯಲ್ಲಿ ಮೊದಲನೆಯದರಲ್ಲಿ ಮತ್ತೊಮ್ಮೆ ಐದು ನಿಮಿಷ ಕೂತು ಬನ್ನಿ. ನನ್ನ ವಿಷಯದಲ್ಲಂತೂ ಅಭಿಪ್ರಾಯ ಅಲ್ಲೇ ಬದಲಾಯಿತು.

ಹೆಜ್ಜೆ 3: ತಣ್ಣಗಿರುವಾಗ ಸ್ಟಾರ್ಟ್ ಮಾಡಿ

"ನಾನು ಬರುವವರೆಗೆ ಕಾರು ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಈ ಪರೀಕ್ಷೆ ಇನ್ನೊಂದು ದಿನಕ್ಕೆ.

ತಣ್ಣಗಿನ ಇಂಜಿನ್ ಮೊದಲ ಅರ್ಧ ಒಂದು ನಿಮಿಷ ಜೋರಾಗಿ ಓಡುವುದು ಸಹಜ. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಬೇಗ ಬಿಸಿಯಾಗಲಿ ಅಂತ ಕಂಪ್ಯೂಟರೇ ಹಾಗೆ ಓಡಿಸುತ್ತದೆ. ಆಮೇಲೆ ಇಳಿಯಬೇಕು. ಇಳಿಯುವಾಗ ಒಂದೇ ಸಮ ಇಳಿಯುತ್ತದಾ, ತಡವರಿಸುತ್ತದಾ ಅನ್ನುವುದನ್ನು ಗಮನಿಸಿ. ಹೊರಗೆ ನಿಂತು ಬಾನೆಟ್ ಬಳಿ ಕಿವಿ ಕೊಟ್ಟರೆ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಚಿಮ್ಮಿಸುವುದು) ಇರುವ ಟರ್ಬೊಗಳಲ್ಲಿ ಟಿಕ್ ಟಿಕ್ ಅಂತ ಹೊಲಿಗೆ ಮಿಷಿನ್ನಿನಂಥ ಸದ್ದು ಬರುತ್ತದೆ. ಅದು ಇಂಜೆಕ್ಟರ್ ಮತ್ತು ಹೆಚ್ಚಿನ ಒತ್ತಡದ ಪಂಪಿನ ಸದ್ದು. ದೋಷ ಅಲ್ಲ. ಒಳಗೆ ಕೂತು ಬಾಗಿಲು ಹಾಕಿದ ಮೇಲೂ ಕೇಳಿದರೆ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 4: ನಿಂತಲ್ಲಿ ನಡುಕ

ಇದಕ್ಕೆ ನನ್ನ ಉಪಕರಣ ಅರ್ಧ ತುಂಬಿದ ನೀರಿನ ಬಾಟಲಿ. ಲೇಬಲ್ ಕಿತ್ತು ಹಾಕಿದ, ಪಾರದರ್ಶಕ, ಒಂದು ಲೀಟರಿನದು. ಮುಂದಿನ ಸೀಟುಗಳ ನಡುವಿನ ಕಪ್ ಹೋಲ್ಡರಿನಲ್ಲಿ ಇಟ್ಟು, ಇಂಜಿನ್ ಬಿಸಿಯಾದ ಮೇಲೆ, ಬ್ರೇಕ್ ಒತ್ತಿ, ಗೇರ್ ಡಿ ಯಲ್ಲಿ ಹಾಕಿ. ಮ್ಯಾನುಯಲ್ ಆದರೆ ನ್ಯೂಟ್ರಲ್. ನೀರಿನ ಮೇಲ್ಮೈ ನೋಡುತ್ತಾ ಇರಿ. ಎಸಿ ಕಂಪ್ರೆಸರ್ ಕಟ್ ಆಗಿ ಮತ್ತೆ ಸೇರಿಕೊಳ್ಳುವ ಗಳಿಗೆ ಇದೆಯಲ್ಲ, ಅದಕ್ಕಾಗಿ ಕಾಯಿರಿ. ಒಳ್ಳೆಯ ಕಾರಿನಲ್ಲಿ ನೀರಿನ ಅಂಚಿನಲ್ಲಿ ಸಣ್ಣ ಗೆರೆಗಳು ಮೂಡಿ ಎರಡು ಸೆಕೆಂಡಿನಲ್ಲಿ ಅಳಿಸಿಹೋಗುತ್ತವೆ. ಇನ್ನೊಂದರಲ್ಲಿ ನೀರು ನಡುವಿನವರೆಗೂ ಕುದಿಯುವ ಹಾಗೆ ನಡುಗುತ್ತಲೇ ಇರುತ್ತದೆ. ರೇಡಿಯೇಟರ್ ಫ್ಯಾನ್ ಕೂಡ ಓಡಲು ಶುರುವಾದಾಗ ಮತ್ತೊಮ್ಮೆ ನೋಡಿ. ಬೇಸಿಗೆಯ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನೀವು ಇರುವುದು ಇದೇ ಸ್ಥಿತಿಯಲ್ಲಿ.

ನೀರು ನೋಡಿದ ಮೇಲೆ ಮೈಯಿಂದ ನೋಡಿ. ಸ್ಟೀರಿಂಗನ್ನು ಬೆರಳ ತುದಿಯಲ್ಲಿ ಮಾತ್ರ ಮುಟ್ಟಿ. ಎಡಗಾಲನ್ನು ಫೂಟ್‌ರೆಸ್ಟ್ ಮೇಲೆ ಇಡಿ. ತಲೆಯನ್ನು ಹೆಡ್‌ರೆಸ್ಟ್‌ಗೆ ಒರಗಿಸಿ, ಕನ್ನಡಿಯಲ್ಲಿ ಹಿಂದೆ ನಿಂತ ಗಾಡಿಯ ನಂಬರ್ ಪ್ಲೇಟ್ ಓದಿ. ಅಕ್ಷರ ಮಸುಕಾದರೆ ಕನ್ನಡಿ ಅದುರುತ್ತಿದೆ ಅಂತ ಅರ್ಥ.

ವೆರ್ನಾದ ಸಾದಾ 1.5 ಮತ್ತು ಸಿಟಿ ಈ ಹೆಜ್ಜೆಯಲ್ಲಿ ಸಲೀಸಾಗಿ ಮುಂದೆ ಇರುತ್ತವೆ. ಸ್ಲಾವಿಯಾ, ವರ್ಟಸ್‌ಗಳ 1.0 ಇಂಜಿನ್ನಿನಲ್ಲಿ ಒಂದು ಮೆಲುವಾದ ಗುರುಗುಟ್ಟುವಿಕೆ ಪಾದಕ್ಕೂ ಸೀಟಿಗೂ ಬರುತ್ತದೆ. ನನಗೆ ಅದು ಎರಡೇ ದಿನಕ್ಕೆ ಅಭ್ಯಾಸವಾಗುವಂಥದ್ದು ಅನ್ನಿಸಿತು, ನನ್ನ ಹೆಂಡತಿಗೆ ಅನ್ನಿಸಲಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಇದ್ದರೆ ಅದನ್ನು ಒಮ್ಮೆ ಹಾಕಿಯೂ, ಒಮ್ಮೆ ತೆಗೆದೂ ನೋಡಿ. ಇಂಜಿನ್ ನಿಲ್ಲುವಾಗ, ಮತ್ತೆ ಏಳುವಾಗ ಕಾರು ಎಷ್ಟು ಕುಲುಕುತ್ತದೆ ಅನ್ನುವುದು ದಿನಕ್ಕೆ ಐವತ್ತು ಸಲ ನಿಮ್ಮ ಅನುಭವಕ್ಕೆ ಬರುವ ಸಂಗತಿ.

ಹೆಜ್ಜೆ 5: ಹಂಪ್ ಮತ್ತು ಆಮೆನಡಿಗೆ

ಸೆಕೆಂಡ್ ಗೇರಿನಲ್ಲಿ ಹಂಪ್ ಇಳಿದು, ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ವೇಗದಿಂದ ಮೆಲ್ಲಗೆ ಎಕ್ಸಲರೇಟರ್ ಒತ್ತಿ. ಫಸ್ಟ್‌ಗೆ ಇಳಿಸದೆ ಎಳೆಯುತ್ತದಾ? ಸಿಟಿ ಎಳೆಯುತ್ತದೆ. ವೆರ್ನಾ ಸಾದಾ ಇಂಜಿನ್ ಕೂಡ. 1.0 ಟರ್ಬೊ 1,500 ಒಳಗಿರುವಾಗ ಸ್ವಲ್ಪ ಹಿಂದೇಟು ಹಾಕುತ್ತದೆ. ಆಮೇಲೆ ಒಮ್ಮೆಲೇ ಉಸಿರು ಬಂದಂತೆ ನುಗ್ಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಗೇರ್ ಹಾಕಿ ಟರ್ಬೊ ಇಂಜಿನ್ನನ್ನು ಪೂರ್ತಿ ಒತ್ತಿ ಪರೀಕ್ಷೆ ಮಾಡಬೇಡಿ. ಅದು ಇಂಜಿನ್ನಿಗೇ ಒಳ್ಳೆಯದಲ್ಲ.

ಆಟೊಮ್ಯಾಟಿಕ್ ಆದರೆ ಇಲ್ಲೊಂದು ಎಚ್ಚರ. ಆಮೆನಡಿಗೆಯ ಟ್ರಾಫಿಕ್ಕಿನಲ್ಲಿ ಕಾಣುವ ಜಗ್ಗಾಟ ಎಷ್ಟೋ ಸಲ ಗೇರ್‌ಬಾಕ್ಸಿನದು, ಇಂಜಿನ್ನಿನದಲ್ಲ. ವೆರ್ನಾ ಟರ್ಬೊದ ಡಿಸಿಟಿ, ಸ್ಲಾವಿಯಾ ಮತ್ತು ವರ್ಟಸ್ 1.5ರ ಡಿಎಸ್‌ಜಿ ಎರಡೂ ಜೋಡಿ ಕ್ಲಚ್ಚಿನವು. ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುವಾಗ ಒಂದು ಮಿಡುಕು ಇರುತ್ತದೆ. 1.0 ಜೊತೆ ಬರುವ 6 ಗೇರಿನ ಟಾರ್ಕ್ ಕನ್ವರ್ಟರ್ ಇಲ್ಲಿ ಹೆಚ್ಚು ಮೃದು, ಯಾಕೆಂದರೆ ನಡುವೆ ಶಕ್ತಿ ದಾಟಿಸುವುದು ಎಣ್ಣೆ. ಸಿಟಿಯ ಸಿವಿಟಿ, ವೆರ್ನಾದ ಐವಿಟಿಗಳಲ್ಲಿ ಗೇರ್ ಬದಲಾವಣೆಯೇ ಇಲ್ಲ, ಹಾಗಾಗಿ ಜಗ್ಗಾಟವೂ ಇಲ್ಲ. ಇದನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಈ ವರ್ಗದ ಅತಿ ನಯವಾದ ಇಂಜಿನ್‌ಗಳಲ್ಲಿ ಒಂದಾದ 1.5 ಟಿಎಸ್‌ಐ, ಗೇರ್‌ಬಾಕ್ಸ್ ಮಾಡಿದ ತಪ್ಪಿಗೆ ಅಂಕ ಕಳೆದುಕೊಳ್ಳುತ್ತದೆ.

ಹೆಜ್ಜೆ 6: ಏರು. ಇಲ್ಲೇ ನಿಜ ಹೊರಬರುವುದು

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದೆ. ಬೆಂಗಳೂರಿನಲ್ಲಿ ಶೋರೂಮಿನವರು ನಂದಿಬೆಟ್ಟಕ್ಕೆ ಬರಲಿಕ್ಕಿಲ್ಲ, ಉದ್ದನೆಯ ಫ್ಲೈಓವರ್ ಏರು ಸಾಕು. ಆದರೆ ಕಾರಿನಲ್ಲಿ ನಾಲ್ಕು ಜನ ಇರಲೇಬೇಕು. ಮನೆಯವರನ್ನು ಕರೆದುಕೊಂಡು ಹೋಗಿ. ಒಬ್ಬರೇ ಕೂತು ಓಡಿಸಿದ ಟೆಸ್ಟ್ ಡ್ರೈವ್ ಕುಟುಂಬದ ಕಾರಿಗೆ ಸಲ್ಲುವ ಪರೀಕ್ಷೆ ಅಲ್ಲ.

ಏರಿನಲ್ಲಿ ಎರಡು ಕೆಲಸ ಮಾಡಿ. ಮೊದಲನೆಯದು, ನಿಧಾನವಾಗಿ ಏರಿಸುವುದು. ಮ್ಯಾನುಯಲ್‌ನಲ್ಲಿ ಥರ್ಡ್ ಗೇರ್ ಹಾಕಿ, 1,500ರಿಂದ 3,500ರವರೆಗೆ ಮುಳ್ಳನ್ನು ಅವಸರ ಇಲ್ಲದೆ, ಹದಿನೈದು ಇಪ್ಪತ್ತು ಸೆಕೆಂಡ್ ತಗೊಂಡು ಏರಿಸಿ. ಕಾಲು ಒಂದೇ ಸಮ ಇರಲಿ. ನೀವು ಹುಡುಕುತ್ತಿರುವುದು ನಮ್ಮ ಹಳೆಯ ಕಾರಿನಲ್ಲಿ ಇದ್ದಂಥ ಗುಂಗುಡುವ ಪಟ್ಟಿಯನ್ನು. ಪ್ರತಿ ಕಾರಿನ ಒಳಗಿನ ಗಾಳಿಗೂ, ತಗಡಿಗೂ ತನ್ನದೇ ಸ್ವರ ಇದೆ. ಇಂಜಿನ್ನಿನ ಬಡಿತ ಆ ಸ್ವರಕ್ಕೆ ತಾಗಿದಾಗ ತಂಬೂರಿಯ ತಂತಿ ತಾನೇ ಮಿಡಿದ ಹಾಗೆ ಇಡೀ ಕ್ಯಾಬಿನ್ ದನಿಗೂಡಿಸುತ್ತದೆ. ಬೇಗ ಬೇಗ ಗೇರ್ ಬದಲಿಸಿ ಓಡಿಸಿದರೆ ಆ ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ, ಗೊತ್ತೇ ಆಗುವುದಿಲ್ಲ. ನಮಗಾದ ಮೋಸ ಅದೇ. ಗುಂಗು ಬಂದರೆ ಯಾವ ಆರ್‌ಪಿಎಂನಿಂದ ಯಾವುದರವರೆಗೆ ಅಂತ ಬರೆದುಕೊಳ್ಳಿ. ಅದು ನೀವು ದಿನಾ ಓಡಿಸುವ ವೇಗಕ್ಕೆ ಬೀಳುತ್ತದೆಯೇ ಅನ್ನುವುದು ಆಮೇಲಿನ ಪ್ರಶ್ನೆ.

ಈ ಪರೀಕ್ಷೆ ನಡೆಯುವಾಗ ನೀವು ಹಿಂದಿನ ಸೀಟಿನಲ್ಲಿ ಇರಿ. ಓಡಿಸಲು ಇನ್ನೊಬ್ಬರಿಗೆ ಹೇಳಿ. ಗುಂಗು ಜಾಸ್ತಿ ತಟ್ಟುವುದು ಹಿಂದೆ ಕೂತವರಿಗೇ, ಓಡಿಸುವವರಿಗೆ ಅಲ್ಲ.

ಎರಡನೆಯದು, ಪೂರ್ತಿ ಒತ್ತುವುದು. ರಸ್ತೆ ಖಾಲಿ ಇದ್ದಾಗ, 40ರಿಂದ 70ರವರೆಗೆ. ಇಲ್ಲಿ ಇಂಜಿನ್‌ಗಳ ಜಾತಿ ಬಯಲಾಗುತ್ತದೆ. ಟರ್ಬೊ ಇಲ್ಲದ ಸಿಟಿ, ವೆರ್ನಾಗಳು ಅಷ್ಟೇ ಎಳೆತಕ್ಕೆ 4,000 ದಾಟಿ ಕೂಗಬೇಕಾಗುತ್ತದೆ. ಸಿಟಿಯ ಮ್ಯಾನುಯಲ್‌ನಲ್ಲಿ ಆ ಕೂಗು ಇಂಪಾಗಿಯೇ ಇದೆ, ನನಗಂತೂ ಇಷ್ಟ. ಆದರೆ ಸಿವಿಟಿಯಲ್ಲಿ ಇಂಜಿನ್ ಮೇಲಿನ ಆರ್‌ಪಿಎಂಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ವೇಗ ಹಿಂದಿನಿಂದ ನಿಧಾನಕ್ಕೆ ಬರುತ್ತದೆ. ಕಿವಿಗೆ ಅದು ಒಂದೇ ಸಮನೆ ಅರಚಿದ ಹಾಗೆ. 1.5 ಟರ್ಬೊಗಳು ಅದೇ ಏರನ್ನು 2,000ದ ಆಸುಪಾಸಿನಲ್ಲಿ ಮಾತಾಡುತ್ತಾ ಹತ್ತಿಬಿಡುತ್ತವೆ. ಅಷ್ಟೇಕೆ, ನಿಂತಾಗ ಗುರುಗುಟ್ಟಿದ 1.0 ಇಂಜಿನ್ ಕೂಡ ಏರಿನಲ್ಲಿ ಅವೆರಡಕ್ಕಿಂತ ಕಡಿಮೆ ಶ್ರಮ ಪಡುತ್ತದೆ. ಶೋರೂಮಿನಲ್ಲಿ ಸೋತದ್ದು ಘಾಟಿಯಲ್ಲಿ ಗೆಲ್ಲುವುದು ಹೀಗೆ.

ಇದಕ್ಕೆ ನಮ್ಮ ನಾಡಿನ ಎತ್ತರವೂ ಸೇರಿಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯೇ ಶೇಕಡಾ 8–9ರಷ್ಟು ತೆಳು. ಟರ್ಬೊ ಇಲ್ಲದ ಇಂಜಿನ್ ಸಿಕ್ಕ ಗಾಳಿಯಲ್ಲೇ ಉರಿಸಬೇಕು, ಹಾಗಾಗಿ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಿಕೊಂಡು ಆ ಕೊರತೆಯ ದೊಡ್ಡ ಪಾಲನ್ನು ತುಂಬಿಸಿಕೊಳ್ಳುತ್ತದೆ. ಮಂಗಳೂರಿನಲ್ಲಿರುವ ಗೆಳೆಯ "ಸಿಟಿ ಚೆನ್ನಾಗಿ ಎಳೆಯುತ್ತೆ ಮಾರಾಯ" ಅಂದರೆ ಅವನು ಹೇಳುವುದು ಸುಳ್ಳಲ್ಲ. ಅವನ ಊರಿನ ಗಾಳಿ ದಪ್ಪ. ಮಡಿಕೇರಿಯವರು, ಚಿಕ್ಕಮಗಳೂರಿನವರು ತಮ್ಮ ಊರಲ್ಲೇ ಓಡಿಸಿ ನೋಡಬೇಕು.

ಹೈಬ್ರಿಡ್ ಸಿಟಿಯಲ್ಲಿ ಏರಿನಲ್ಲಿ ಗಮನಿಸಬೇಕಾದದ್ದು ಬೇರೆ. ಕಾರಿನ ವೇಗಕ್ಕೂ ಇಂಜಿನ್ ಸದ್ದಿಗೂ ಸಂಬಂಧ ಇಲ್ಲದ ಹಾಗೆ ಕೇಳಬಹುದು. ನೀವು ಒಂದೇ ವೇಗದಲ್ಲಿದ್ದರೂ ಬ್ಯಾಟರಿಗೆ ಕರೆಂಟ್ ಬೇಕಾದಾಗ ಇಂಜಿನ್ ತಾನೇ ಜೋರಾಗುತ್ತದೆ. ಕೆಲವರಿಗೆ ಅದು ಕಸಿವಿಸಿ. ಊರೊಳಗಿನ ಅದರ ಮೌನ ಮಾತ್ರ ಬೇರೆ ಯಾವುದಕ್ಕೂ ಇಲ್ಲ.

ಹೆಜ್ಜೆ 7: ಹೆದ್ದಾರಿಯಲ್ಲಿ ಸದ್ದು ಬಿಡಿಸುವುದು

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ. ನಿಮ್ಮ ಪರೀಕ್ಷೆಗೂ ಅದೇ ಮಿತಿ. 80ರಲ್ಲಿ ಒಂದು ನಿಮಿಷ, 100ರಲ್ಲಿ ಒಂದು ನಿಮಿಷ ಟಾಪ್ ಗೇರಿನಲ್ಲಿ ಹೋಗಿ. ಆರ್‌ಪಿಎಂ ಎಷ್ಟಿದೆ ಬರೆದುಕೊಳ್ಳಿ. ಪಕ್ಕದಲ್ಲಿ ಕೂತವರು ಬರೆಯಲಿ.

ಈಗ ಕೇಳುತ್ತಿರುವ ಸದ್ದಿನಲ್ಲಿ ಇಂಜಿನ್ನಿನ ಪಾಲು ಎಷ್ಟು? ನೇರ, ಖಾಲಿ ರಸ್ತೆಯಲ್ಲಿ ಎಕ್ಸಲರೇಟರಿನಿಂದ ಪೂರ್ತಿ ಕಾಲು ತೆಗೆಯಿರಿ. ಮ್ಯಾನುಯಲ್ ಆದರೆ ಮೂರು ಸೆಕೆಂಡ್ ಕ್ಲಚ್ ಕೂಡ ಒತ್ತಿ. ಕಡಿಮೆಯಾದ ಸದ್ದು ಇಂಜಿನ್ನಿನದು, ಉಳಿದದ್ದು ಟೈರು ಮತ್ತು ಗಾಳಿಯದು. 100ರಲ್ಲಿ ಕಾಲು ತೆಗೆದರೂ ಏನೂ ಬದಲಾಗದಿದ್ದರೆ ಆ ಕಾರಿನ ಇಂಜಿನ್ ಹೆದ್ದಾರಿಯಲ್ಲಿ ಸಾಕಷ್ಟು ನಯವಾಗಿದೆ. ಟೈರಿನಿಂದ ಬಂದ ಸದ್ದಿಗೆ ಬೇರೆ ಟೈರ್ ಮದ್ದಾಗಬಹುದು. ಇಂಜಿನ್ ಸದ್ದಿಗೆ ಅಂಥ ಮದ್ದು ಇಲ್ಲ.

1.5 ಟಿಎಸ್‌ಐ ಓಡಿಸುತ್ತಿದ್ದರೆ ಒಂದು ವಿಶೇಷ ಪರೀಕ್ಷೆ ಇದೆ. ಭಾರ ಕಡಿಮೆ ಇರುವಾಗ ಅದು ತನ್ನ ನಾಲ್ಕರಲ್ಲಿ 2 ಮತ್ತು 3ನೇ ಸಿಲಿಂಡರುಗಳನ್ನು ಮಲಗಿಸಿ ಎರಡರಲ್ಲೇ ಓಡುತ್ತದೆ. ಆಗ 2,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 67 ಬಡಿತ ಇದ್ದದ್ದು 33ಕ್ಕೆ ಇಳಿಯುತ್ತದೆ. ಕಾಲನ್ನು ತುಸುವೇ ಒತ್ತಿ, ತುಸುವೇ ಬಿಟ್ಟು ಆ ಬದಲಾವಣೆ ಸೀಟಿನಲ್ಲಿ ಗೊತ್ತಾಗುತ್ತದಾ ನೋಡಿ. ನಾನು ಬೇಕೆಂದೇ ಹುಡುಕಿದಾಗ ಪಾದದ ಕೆಳಗೆ ಒಂದು ಸಣ್ಣ ಗುನುಗು ಸಿಕ್ಕಿತು. ಹಿಂದೆ ಕೂತಿದ್ದ ಅಮ್ಮನಿಗೆ ಏನೂ ಗೊತ್ತಾಗಲಿಲ್ಲ.

ಹೆಜ್ಜೆ 8: ಫೋನ್ ಬಳಸಿ, ಆದರೆ ಅದರ ಮಿತಿ ತಿಳಿದು

ಡೆಸಿಬಲ್ ಆ್ಯಪ್ ಹಾಕಿಕೊಂಡು ಅಳೆಯುವವರು ತುಂಬಾ ಜನ. ತಪ್ಪೇನಿಲ್ಲ. ಆದರೆ ಆ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಎ-ವೇಟಿಂಗ್ ಅನ್ನುವ ಲೆಕ್ಕ. ಅದು ಕಿವಿಗೆ ಮಂದವಾಗಿ ಕೇಳುವ ಕೆಳಸ್ವರಗಳನ್ನು ಬೇಕೆಂದೇ ತಗ್ಗಿಸುತ್ತದೆ. 50 ಹರ್ಟ್ಸ್‌ನ (ಸೆಕೆಂಡಿಗೆ 50 ಸಲ ಮಿಡಿಯುವ) ಸದ್ದಿಗೆ 30 ಡೆಸಿಬಲ್ ಕಡಿತ! ಅಮ್ಮನ ತಲೆನೋವಿಗೆ ಕಾರಣವಾದ ಗುಂಗು ಇರುವುದು ಆ ಕೆಳಸ್ವರಗಳ ಜಾಗದಲ್ಲೇ. ಅಂದರೆ ಮೀಟರ್ ಚೆನ್ನಾಗಿದೆ ಅನ್ನುತ್ತದೆ, ಮೈ ಇಲ್ಲ ಅನ್ನುತ್ತದೆ. ಆ್ಯಪ್‌ನಲ್ಲಿ ಕೆಳಸ್ವರಗಳನ್ನು ಅಷ್ಟಾಗಿ ತಗ್ಗಿಸದ ಸಿ-ವೇಟಿಂಗ್ ಇದ್ದರೆ ಎರಡರಲ್ಲೂ ಅಳೆಯಿರಿ. ಎ ಅಂಕಿ ಒಂದೇ ಇದ್ದು ಸಿ ಅಂಕಿ ಜಾಸ್ತಿ ಇರುವ ಕಾರಿನಲ್ಲಿ ಗುಂಗು ಹೆಚ್ಚು. ಎಲ್ಲ ಕಾರಿಗೂ ಅದೇ ಫೋನ್, ಅದೇ ಜಾಗ, ಕವರ್ ತೆಗೆದು. ಒಂದೆರಡು ಡೆಸಿಬಲ್ ವ್ಯತ್ಯಾಸಕ್ಕೆ ಬೆಲೆ ಕೊಡಬೇಡಿ.

ನಡುಕ ಅಳೆಯಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಇದೆ. ಅದರಲ್ಲಿ ವೇಗೋತ್ಕರ್ಷದ ಸ್ಪೆಕ್ಟ್ರಮ್ (ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ತೋರಿಸುವ ಗ್ರಾಫ್) ತೆರೆದು, ಫೋನನ್ನು ಸೀಟಿನ ಮುಂದಿನ ನೆಲದ ಮೇಲೆ ಜಾರದ ಹಾಗೆ ಇಡಿ. ಐಡ್ಲಿಂಗ್‌ನಲ್ಲಿ ನಾಲ್ಕು ಸಿಲಿಂಡರಿಗೆ 25 ಹರ್ಟ್ಸ್ ಹತ್ತಿರ, ಮೂರಕ್ಕೆ 19ರ ಹತ್ತಿರ ಒಂದು ಮೊನೆ ಎದ್ದು ಕಾಣುತ್ತದೆ. ಬಡಿತದ ಲೆಕ್ಕ ಕಣ್ಣೆದುರೇ ಸರಿಯಾಗಿ ಬಂದಾಗ ಆಗುವ ಖುಷಿಯೇ ಬೇರೆ. ಆದರೆ ಸೆಕೆಂಡಿಗೆ 100 ಸಲ ಮಾತ್ರ ಓದುವ ಫೋನುಗಳು 50 ಹರ್ಟ್ಸ್ ಮೇಲಿನದನ್ನು ಹಿಡಿಯಲಾರವು. 3,000 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರಿನ ಬಡಿತವೇ 100 ಹರ್ಟ್ಸ್. ಹಾಗಾಗಿ ಇದನ್ನು ನಿಂತಾಗಿನ ಪರೀಕ್ಷೆಗೆ ಮಾತ್ರ ಬಳಸಿ.

ಹೆಜ್ಜೆ 9: ನಿಮ್ಮ ಬದುಕಿಗೆ ತೂಗಿ ನೋಡಿ

ಪ್ರತಿ ಕಾರಿನಿಂದ ಇಳಿದ ಎರಡು ನಿಮಿಷದೊಳಗೆ ಐದು ಗಳಿಗೆಗೂ ಐದರಲ್ಲಿ ಅಂಕ ಬರೆಯಿರಿ: ತಣ್ಣಗಿನ ಸ್ಟಾರ್ಟ್, ನಿಂತಾಗ, ಆಮೆನಡಿಗೆ, ಏರು, ಹೆದ್ದಾರಿ. ಮನೆಯವರು ಬೇರೆ ಚೀಟಿಯಲ್ಲಿ ಬರೆಯಲಿ, ನೋಡಿ ಬರೆಯುವುದು ಬೇಡ. ಒಟ್ಟು ಕೂಡಿಸಬೇಡಿ. ನಿಮ್ಮ ವಾರದಲ್ಲಿ ಯಾವ ಗಳಿಗೆ ಹೆಚ್ಚು ಅಂತ ನೋಡಿ ಆ ಸಾಲುಗಳನ್ನು ಮಾತ್ರ ಹೋಲಿಸಿ. ದಿನಾ ಎರಡು ಗಂಟೆ ಹೊರವರ್ತುಲ ರಸ್ತೆಯಲ್ಲಿ ತೆವಳುವವರಿಗೆ ಸಿಟಿ ಹೈಬ್ರಿಡ್ ಅಥವಾ ವೆರ್ನಾ ಐವಿಟಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ತಿಂಗಳಿಗೆರಡು ಸಲ ಘಾಟಿ ಇಳಿದು ಹತ್ತುವವರಿಗೆ 1.5 ಟರ್ಬೊಗಳಲ್ಲಿ ಒಂದು. ವರ್ಟಸ್ ಮತ್ತು ಸ್ಲಾವಿಯಾ ನಡುವೆ ಇಂಜಿನ್ ನಯದಲ್ಲಿ ಹುಡುಕುವಂಥ ವ್ಯತ್ಯಾಸ ಇಲ್ಲ. ಅಲ್ಲಿ ಸೀಟು, ಬೆಲೆ, ಸರ್ವಿಸ್ ನೋಡಿ ತೀರ್ಮಾನಿಸಿ.

ಹಳೆಯ ಕಾರು ತಗೊಳ್ಳುವವರಿಗೆ

2025ರ ಏಪ್ರಿಲ್‌ನಲ್ಲಿ ನಿಂತುಹೋದ ಮಾರುತಿ ಸಿಯಾಜ್ ಹಳೆ ಕಾರಿನ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದರ 1.5 ಪೆಟ್ರೋಲ್ ಮೆತ್ತನೆಯ ಇಂಜಿನ್. ಆದರೆ ಐದಾರು ವರ್ಷ ದಾಟಿದ ಯಾವುದೇ ಕಾರಿನಲ್ಲಿ ನಡುಕ ಕಂಡರೆ ಇಂಜಿನ್ನನ್ನು ದೂರುವ ಮೊದಲು ಮೌಂಟ್ ನೋಡಿಸಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಡಿ ಯಿಂದ ಆರ್‌ಗೆ, ಆರ್‌ನಿಂದ ಡಿ ಗೆ ಹಾಕಿ. ದಡ್ ಅಂತ ಒದ್ದ ಹಾಗಾದರೆ ಮೌಂಟಿನ ರಬ್ಬರ್ ಹೋಗಿರಬಹುದು. ಸ್ಪಾರ್ಕ್ ಪ್ಲಗ್ ಸವೆದಿರುವುದು, ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರುವುದು ಕೂಡ ಐಡ್ಲಿಂಗ್ ಕೆಡಿಸುತ್ತವೆ. ಮೂರೂ ಸರಿ ಮಾಡಬಹುದಾದ ಕೆಲಸ. ಬೆಲೆ ಮಾತಾಡುವಾಗ ಕೈಗೆ ಬರುತ್ತದೆ.

ಡೆಲಿವರಿ ದಿನ

ನೀವು ಓಡಿಸಿದ್ದು ಟೆಸ್ಟ್ ಕಾರು. ಮನೆಗೆ ಬರುವುದು ಬೇರೆ ಕಾರು. ಹಾರ ಹಾಕಿ, ನಿಂಬೆಹಣ್ಣು ಇಡುವ ಮೊದಲು, ದುಡ್ಡಿನ ಕೊನೆಯ ಕಂತು ಕಟ್ಟುವುದಕ್ಕೂ ಮೊದಲು, ಯಾರ್ಡಿಗೆ ಹೋಗಿ ನಿಮ್ಮ ಕಾರನ್ನೇ ತಣ್ಣಗೆ ಸ್ಟಾರ್ಟ್ ಮಾಡಿಸಿ. ಅದೇ ನೀರಿನ ಬಾಟಲಿ ಒಯ್ಯಿರಿ. ಎಸಿ ಹಾಕಿ, ಕಂಪ್ರೆಸರ್ ಎರಡು ಸಲ ಸೇರಿ ಬಿಡುವವರೆಗೆ ನೀರು ನೋಡುತ್ತಾ ಕೂತಿರಿ. ಟೆಸ್ಟ್ ಕಾರಿಗಿಂತ ಜಾಸ್ತಿ ನಡುಗಿದರೆ ಅಲ್ಲೇ ಸರ್ವಿಸ್ ಅಡ್ವೈಸರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ, ಬರೆಸಿಕೊಳ್ಳಿ. ಸರಿ ಇದ್ದರೆ ಬಿಸಿಯಾದ ಮೇಲಿನ ಐಡ್ಲಿಂಗ್ ಆರ್‌ಪಿಎಂ ಎಷ್ಟು ಅಂತ ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಪೆನ್ನಿನಲ್ಲಿ ಬರೆದಿಡಿ. ನಾಲ್ಕು ವರ್ಷದ ನಂತರ "ಯಾಕೋ ಮೊದಲಿನ ಹಾಗಿಲ್ಲ" ಅನ್ನಿಸಿದ ದಿನ ಆ ಪುಟ ತೆಗೆದು ನೋಡಬಹುದು.